ಚೀಟಿ ದುಡ್ಡು ಬರ್ಲಿಲ್ವಾ? ಕೋರ್ಟ್ ಫೀ ಕಟ್ಟೋ ಮುಂಚೆ ಇದನ್ನ ನೋಡ್ಕೊಳ್ಳಿ

ಚೀಟಿ ಕೂಗಿ ಎತ್ತಿದ್ದೀರ, ದುಡ್ಡು ಮಾತ್ರ ಕೈಗೆ ಬಂದಿಲ್ಲ, ನಡೆಸೋರು ನಾಳೆ ಬನ್ನಿ ನಾಡಿದ್ದು ಬನ್ನಿ ಅಂತಿದ್ದಾರೆ. ಸಿಟ್ಟಲ್ಲಿ ಸಿವಿಲ್ ಕೋರ್ಟಲ್ಲಿ ದಾವೆ ಹಾಕ್ಸೋಕೆ ಓಡ್ಬೇಡಿ, ಮೊದ್ಲು ಚೀಟಿ ರಿಜಿಸ್ಟರ್ ಆಗಿದ್ಯಾ ನೋಡಿ.

ನಮ್ಮ ಸಂಬಂಧಿಕರೊಬ್ರು ನೋಡ್ಲಿಲ್ಲ. ಫೀ ಕಟ್ಟಿ, ಎರಡು ವರ್ಷ ವಾಯಿದೆ ಮೇಲೆ ವಾಯಿದೆ ತಿರುಗಿದ್ಮೇಲೆ ಎದುರು ಪಾರ್ಟಿ ವಕೀಲರು ಸಿಪಿಸಿ (ಸಿವಿಲ್ ಕೇಸು ನಡೆಸೋ ಕಾನೂನು) ಆರ್ಡರ್ 7 ರೂಲ್ 11 ಕೆಳಗೆ ದಾವೇನೇ ತಿರಸ್ಕರಿಸಿ ಅಂತ ಒಂದು ಅರ್ಜಿ ಹಾಕಿದ್ರು, ಈ ಕೋರ್ಟಿಗೆ ಅಧಿಕಾರವೇ ಇಲ್ಲ ಅಂತ, ದಾವೆ ಅಲ್ಲಿಗೇ ಮುಗೀತು.

ಕಾರಣ 1982ರ ಚಿಟ್ ಫಂಡ್ ಕಾಯ್ದೆ ಸೆಕ್ಷನ್ 64. ರಿಜಿಸ್ಟರ್ ಆದ ಚೀಟಿ ವ್ಯವಹಾರದ ತಗಾದೆ, ಅಂದ್ರೆ ಫೋರ್‌ಮನ್ (ಚೀಟಿ ನಡೆಸೋರು) ನೀವು ಎತ್ತಿದ ದುಡ್ಡು ಕೊಡ್ಲಿಲ್ಲ, ಸದಸ್ಯ ಕಂತು ಕಟ್ಲಿಲ್ಲ, ಜಾಮೀನುದಾರ ಕೈ ಎತ್ತಿದ, ಇವೆಲ್ಲ ಮಧ್ಯಸ್ಥಿಕೆಗೆ ಚೀಟಿ ರಿಜಿಸ್ಟ್ರಾರ್ ಹತ್ರಾನೇ ಹೋಗ್ಬೇಕು, ಸಿವಿಲ್ ಕೋರ್ಟ್ ಮುಟ್ಟೋ ಹಾಗಿಲ್ಲ ಅಂತ ಅದೇ ಸೆಕ್ಷನ್ನಿನ 3ನೇ ಉಪಸೆಕ್ಷನ್ ಹೇಳುತ್ತೆ. ಕರ್ನಾಟಕದಲ್ಲಿ ಇದನ್ನ ನೋಡೋದು ಸಹಕಾರ ಇಲಾಖೆ.

ರಿಜಿಸ್ಟರ್ ಆಗಿದ್ಯಾ ಅಂತ ತಿಳಿಯೋದು ಹೇಗೆ? ಚೀಟಿ ಒಪ್ಪಂದದ ಕಾಪಿ ಕೇಳಿ, ಕೊಡೋದು ಫೋರ್‌ಮನ್ ಕರ್ತವ್ಯ. ರಿಜಿಸ್ಟ್ರಾರ್ ಆಫೀಸಲ್ಲೂ ವಿಚಾರ್ಸಿ. ಕಂಪನಿ ರಿಜಿಸ್ಟರ್ ಆಗಿದೆ ಸಾರ್ ಅಂತ ಬೋರ್ಡ್ ತೋರ್ಸ್ತಾರೆ, ಅದು ಸಾಲ್ದು, ನಿಮ್ಮ ಗುಂಪಿನ ಚೀಟಿಗೇ ನೋಂದಣಿ ಆಗಿರ್ಬೇಕು.

ರಿಜಿಸ್ಟ್ರಾರ್‌ಗೆ ಹಾಕೋ ಅರ್ಜಿ ಜೊತೆ ಪಾಸ್‌ಬುಕ್, ರಸೀದಿ, ಒಪ್ಪಂದ, ನೀವು ಕಳ್ಸಿದ ನೋಟಿಸ್ ಎಲ್ಲದರ ಜೆರಾಕ್ಸ್ ಇಡಿ. 3 ವರ್ಷದ ಗಡುವು ಇದೆ, ಅವ್ರ ಸವಿ ಮಾತು ಕೇಳ್ಕೊಂಡು ಕೂರ್ಬೇಡಿ. ಆಸ್ತಿ ಮಾರ್ಕೊಂಡು ಹೋಗೋ ಸುಳಿವಿದ್ರೆ ತೀರ್ಪಿಗೆ ಮುಂಚೇನೇ ಜಪ್ತಿ ಕೇಳಬಹುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ರಿಜಿಸ್ಟ್ರಾರ್ ತೀರ್ಪು ಒಪ್ಪಿಗೆ ಆಗ್ಲಿಲ್ಲ ಅಂದ್ರೆ 2 ತಿಂಗಳೊಳಗೆ ಸರ್ಕಾರಕ್ಕೆ ಮೇಲ್ಮನವಿ.

ಇನ್ನು ಓಣಿ ಚೀಟಿ. ಒಂದು ನೂರು ಪೇಜಿನ ನೋಟ್‌ಬುಕ್, ಹೆಸರಿನ ಮುಂದೆ ಟಿಕ್ ಮಾರ್ಕು, ಅಷ್ಟೇ ದಾಖಲೆ. ರಿಜಿಸ್ಟರ್ ಮಾಡ್ದೆ ನಡೆಸೋದೇ ಅಪರಾಧ, 2 ವರ್ಷದವರೆಗೂ ಜೈಲು ಇದೆ. ಇಲ್ಲಿ ಯಾವ ಕಡೆ ಹೋಗ್ಬೇಕು ಅನ್ನೋದನ್ನ ಕಾಗದ ತೋರ್ಸಿ ವಕೀಲರ ಹತ್ರಾನೇ ಕೇಳಿ, ಆ ನೋಟ್‌ಬುಕ್ ಫೋಟೋ, ಫೋನ್‌ಪೇ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ಚೆಕ್ ಕೊಟ್ಟು ಬೌನ್ಸ್ ಆಗಿದ್ರೆ ಅದು ಬೇರೆ ಕ್ರಿಮಿನಲ್ ಕೇಸು, ಸೆಕ್ಷನ್ 64 ಅದಕ್ಕೆ ಅಡ್ಡ ಬರಲ್ಲ, ಅದಕ್ಕೆ ಮೊದ್ಲು ಬ್ಯಾಂಕಿಂದ ಚೆಕ್ ಬೌನ್ಸ್ ಆಯ್ತು ಅನ್ನೋ ಮೆಮೊ ಬಂದ 30 ದಿನದೊಳಗೆ ಚೆಕ್ ಕೊಟ್ಟೋರಿಗೆ ನೋಟಿಸ್ ಹೋಗ್ಬೇಕು.