ಗುಳಗಿ ಎಣಿಸಲು ಹೋಗಿ

ಒಂದು ದಿನ ಸಂಜೆ ಒಬ್ಬ ಹುಡುಗ ಕ್ಯಾರಿಬ್ಯಾಗ್ ತುಂಬ ಗುಳಗಿ ತಂದು ನನ್ನ ಔಷಧ ಅಂಗಡಿಯ ಕೌಂಟರ್ ಮೇಲೆ ಸುರುವಿದ. "ಇವು ವಾಪಸ್ ತಗೊಳ್ತೀರೇನ್ರಿ? ಅಪ್ಪಾಗ ಲಕ್ವ ಹೊಡದೈತಿ. ಇನ್ನ ಬ್ಯಾರೆ ಗುಳಗಿ ಕೊಟ್ಟಾರ."

ಎಲ್ಲಾ ಬಿ.ಪಿ. ಗುಳಗಿ. ಎಷ್ಟೋ ಸ್ಟ್ರಿಪ್ ಒಡೆದೇ ಇರಲಿಲ್ಲ. ಎಲ್ಲವೂ ನನ್ನ ಅಂಗಡಿಯವೇ. ಆ ಹುಡುಗ ಪ್ರತಿ ತಿಂಗಳು ಸಂಬಳ ಆದ ಕೂಡಲೇ ಬಂದು ತಪ್ಪದೆ ಒಯ್ಯುತ್ತಿದ್ದ. ಬಿಲ್ ಪುಸ್ತಕ ನೋಡಿದರೆ ಅವರ ಅಪ್ಪನಷ್ಟು ಶಿಸ್ತಿನ ರೋಗಿ ಗದಗ-ಬೆಟಗೇರಿಯಲ್ಲೇ ಇಲ್ಲ ಅನ್ನಬೇಕು. ಮಗ ಒಯ್ದ, ಅಪ್ಪ ಕಪಾಟಿನಲ್ಲಿಟ್ಟ. ಅಷ್ಟೇ.

ನಾನು ಬಿ.ಫಾರ್ಮ್ ಓದಿದವನು. ಕೌಂಟರ್ ಹಿಂದೆ ನಿಂತು 18 ವರ್ಷ ಆಯ್ತು. ಚೀಟಿ ನೋಡು, ಗುಳಗಿ ಕೊಡು, ಚಿಲ್ಲರೆ ಎಣಿಸು. ರೋಗಿಗೆ ಔಷಧದ ಬಗ್ಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟ್ ಕೆಲಸ ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲೇ ಇದೆ. ನಾನೂ ಹೇಳುತ್ತಿದ್ದೆ, "ಮುಂಜಾನೆ ಒಂದು, ರಾತ್ರಿ ಒಂದು." ಇದನ್ನು ಕೌನ್ಸೆಲಿಂಗ್ ಅಂತ ಕರೆಯಲು ಈಗ ನಾಚಿಕೆ ಆಗುತ್ತೆ. ಆ ಗುಳಗಿ ರಾಶಿ ನೋಡಿದ ಮೇಲೆ ಒಂದು ಉದ್ದನೆಯ ರಿಜಿಸ್ಟರ್ ತಂದೆ. ಗುಳಗಿ ಒಯ್ದರೂ ಬಿ.ಪಿ. ಜಾಸ್ತಿಯೇ ಇದ್ದ 40 ಜನರನ್ನು ಕೇಳಿ, ಒಪ್ಪಿಸಿ, ಹೆಸರು ಬರೆದುಕೊಂಡೆ. ಆರು ತಿಂಗಳು ಇವರ ಬೆನ್ನು ಹತ್ತೋಣ ಅಂತ.

ಮೊದಲು ಮಾಡಿದ್ದು ಸುಲಭದ ಲೆಕ್ಕ. 30 ಗುಳಗಿ ಒಯ್ದವರು 30ನೇ ದಿನ ಬಂದರೆ ಸರಿ. 45ನೇ ದಿನ ಬಂದರೆ ಮೂರರಲ್ಲಿ ಎರಡು ಪಾಲು ದಿನಕ್ಕಷ್ಟೇ ಗುಳಗಿ ಇತ್ತು ಅಂತ ಅರ್ಥ. 100 ದಿನದಲ್ಲಿ ಕನಿಷ್ಠ 80 ದಿನಕ್ಕೆ ಸಾಕಾಗುವಷ್ಟು ಕೈಯಲ್ಲಿದ್ದರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆ ಅಂತ ಸಂಶೋಧನೆ ಮಾಡುವವರು ಸಾಮಾನ್ಯವಾಗಿ ಹಿಡಿಯುತ್ತಾರೆ. ಲೆಕ್ಕ ಚೆಂದ. ಆದರೆ ಅದೇ ಲೆಕ್ಕದಲ್ಲಿ ಆ ಹುಡುಗನ ಅಪ್ಪ ನೂರಕ್ಕೆ ನೂರು! ಇನ್ನೊಂದು ಕಡೆ, ತಡವಾಗಿ ಬಂದ ಒಬ್ಬ ಅಜ್ಜಿಯ ಹೆಸರಿನ ಮುಂದೆ ನಾನು ಕೆಂಪು ಗೀಟು ಎಳೆದಿದ್ದೆ. ಕೇಳಿದರೆ, ಅವರು ಹುಬ್ಬಳ್ಳಿಯ ಮಗಳ ಮನೆಯಲ್ಲಿ ಇಪ್ಪತ್ತು ದಿನ ಇದ್ದು ಗುಳಗಿ ಅಲ್ಲೇ ಕೊಂಡಿದ್ದರು. ನನ್ನ ಬಿಲ್ ಪುಸ್ತಕಕ್ಕೆ ನನ್ನ ಅಂಗಡಿ ಮಾತ್ರ ಗೊತ್ತು, ಅಲ್ವಾ?

ಹಾಗಾಗಿ ಬಾಯಿಬಿಟ್ಟು ಕೇಳಲು ಶುರುಮಾಡಿದೆ. "ಗುಳಗಿ ತಪ್ಪದೆ ತಗೋತೀರಿ?" 40 ಜನರೂ ಹೌದು ಅಂದರು. ಮಾಸ್ತರು "ಹೋಂವರ್ಕ್ ಮಾಡೀರಿ?" ಅಂದಾಗ ಇಡೀ ಕ್ಲಾಸು ಹೂಂ ಅನ್ನುವ ಹಾಗೆ.

ಹುಬ್ಬಳ್ಳಿಯಲ್ಲಿ ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಹಳೇ ಸಹಪಾಠಿಗೆ ಫೋನ್ ಮಾಡಿದೆ. ಆಕೆ ಅಮೆರಿಕದ ಸಂಶೋಧಕ ಮೊರಿಸ್ಕಿ ಮತ್ತು ಜೊತೆಗಾರರು 1986ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆ ಹೇಳಿದಳು. ಗುಳಗಿ ಮರೆಯುತ್ತೀರಾ? ಕೆಲವೊಮ್ಮೆ ಅಲಕ್ಷ್ಯ ಆಗುತ್ತದಾ? ಆರಾಮ ಅನಿಸಿದಾಗ ಬಿಡುತ್ತೀರಾ? ತಗೊಂಡು ತ್ರಾಸ ಆದರೆ ನಿಲ್ಲಿಸುತ್ತೀರಾ? ಇದರಲ್ಲಿ 'ಹೌದು' ಅಂದರೆ ತಪ್ಪಿದೆ ಅಂತ ಅರ್ಥ. ಹೂಂ ಹೂಂ ಅನ್ನುವ ಚಾಳಿಯವರನ್ನೂ ಹಿಡಿಯುವ ಉಪಾಯ ಅದು.

ಎರಡನೇ ಪ್ರಶ್ನೆ ನಮ್ಮ ಕಡೆ ನಡೆಯಲಿಲ್ಲ. "ಅಲಕ್ಷ್ಯ ಮಾಡ್ತೀರೇನು" ಅಂದರೆ ಬೈದ ಹಾಗೆ ಕೇಳಿಸುತ್ತೆ. ಒಬ್ಬರು ಎದ್ದೇ ಹೋದರು. ಮೂರನೆಯದಕ್ಕೆ ಮಾತ್ರ ಮಾತಿನ ಹೊಳೆ. "ಆರಾಮ ಇದ್ರ ಗುಳಗಿ ಯಾಕ ನುಂಗಬೇಕ್ರಿ?" ಬಿ.ಪಿ. ಜಾಸ್ತಿ ಇದ್ದರೂ ಮೈಗೆ ಏನೂ ಗೊತ್ತಾಗದೆ ಇರಬಹುದು ಅನ್ನುವುದೇ ಎಷ್ಟೋ ಜನರಿಗೆ ಹೊಸ ಸುದ್ದಿ. ತಲೆ ತಿರುಗಿದ ದಿನ ಒಂದು ಗುಳಗಿ, ಇಲ್ಲದಿದ್ದರೆ ಇಲ್ಲ.

ಕೊನೆಗೆ ನನಗೆ ಕೆಲಸಕ್ಕೆ ಬಂದದ್ದು ನನ್ನದೇ ಒಂದು ಪ್ರಶ್ನೆ. "ಹೋದ ವಾರ ಯಾವ ದಿನ ತಪ್ಪಿತ್ರಿ?" ತಪ್ಪಿದೆ ಅಂತಲೇ ಹಿಡಿದು ಕೇಳುವುದು. ಆಗ ಒಬ್ಬೊಬ್ಬರೇ ಬಾಯಿಬಿಟ್ಟರು. ಸೋಮವಾರ ಉಪವಾಸ, ಹಾಗಾಗಿ ಗುಳಗಿಗೂ ಉಪವಾಸ. ಮದುವೆಗೆ ಹೋದಾಗ ಚೀಲದಲ್ಲಿ ಮರೆತದ್ದು. ಒಬ್ಬ ಅಕ್ಕ ಕಾಲು ತೋರಿಸಿದರು. ಅಮ್ಲೋಡಿಪಿನ್ ಅನ್ನುವ ಬಿ.ಪಿ. ಗುಳಗಿ ಶುರುವಾದ ಮೇಲೆ ಹರಡಿನ ಹತ್ತಿರ ಬಾವು. ಚಪ್ಪಲಿ ಹಿಡಿಸುತ್ತಿಲ್ಲ ಅಂತ ದಿನ ಬಿಟ್ಟು ದಿನ ನುಂಗುತ್ತಿದ್ದರು. ಆ ಔಷಧಕ್ಕೆ ಕಾಲು ಬಾವು ಬರುವುದು ಪುಸ್ತಕದಲ್ಲಿ ಓದಿ ಪಾಸಾದವನು ನಾನು. ಎರಡು ವರ್ಷ ಅದನ್ನೇ ಕೊಡುತ್ತಾ ಒಮ್ಮೆಯೂ ಕಾಲು ನೋಡಿರಲಿಲ್ಲ.

ಅವರ ಡಾಕ್ಟರಿಗೆ ಚೀಟಿ ಬರೆದೆ. ಮೊದಲ ಚೀಟಿಯಲ್ಲಿ "ಔಷಧ ಬದಲಿಸಿದರೆ ಒಳ್ಳೆಯದು" ಅಂತ ಬರೆದಿದ್ದೆ. ಉತ್ತರ ಬರಲಿಲ್ಲ. ಎರಡನೆಯದರಲ್ಲಿ ಸಲಹೆ ತೆಗೆದುಹಾಕಿ ಬರೀ ಕಂಡದ್ದು ಬರೆದೆ: ಯಾವ ಗುಳಗಿ, ಎಷ್ಟು ಎಂ.ಜಿ., ಬಾವು ಯಾವಾಗಿನಿಂದ, ವಾರಕ್ಕೆ ಎಷ್ಟು ದಿನ ಬಿಡುತ್ತಿದ್ದಾರೆ, ಬಿ.ಪಿ. ಎಷ್ಟು. ಅದಕ್ಕೆ ಅದೇ ದಿನ ಹೊಸ ಚೀಟಿ ಬಂತು. ಅಂದಿನಿಂದ ಇದೇ ನಮೂನೆ ಇಟ್ಟುಕೊಂಡಿದ್ದೇನೆ.

ಬಿ.ಪಿ. ಅಳೆಯುವುದೂ ಒಂದು ರಾಮಾಯಣ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಬೇಕು, ಅರ್ಧ ಗಂಟೆ ಮೊದಲು ಚಾ, ಬೀಡಿ, ತಂಬಾಕು ಬೇಡ, ತೋಳು ಎದೆಯ ಮಟ್ಟಕ್ಕೆ ಇರಬೇಕು, ನಡುವೆ ಮಾತು ಬೇಡ, ಎರಡು ಸಲ ಅಳೆಯಬೇಕು. ಗದಗದವರನ್ನು ಐದು ನಿಮಿಷ ಮಾತಿಲ್ಲದೆ ಕೂರಿಸಿ ನೋಡಿ! ಎಲೆ ಅಡಿಕೆ ಉಗುಳಿ ಬಂದು "ಈಗ ಹಚ್ರಿ" ಅನ್ನುವವರೇ ಜಾಸ್ತಿ. ಅಂಗಡಿ ಹೊರಗೆ ಒಂದು ಬೆಂಚು ಹಾಕಿದೆ. ಆ ಐದು ನಿಮಿಷದಲ್ಲಿ ಬೆಂಚಿನ ಮೇಲೆ ಹೊರಬಿದ್ದ ಸಂಗತಿ ಕೌಂಟರ್ ಮೇಲೆ ಎಂದೂ ಹೊರಬಿದ್ದಿರಲಿಲ್ಲ. ಮಾತಾಡಬಾರದು ಅನ್ನುವ ನಿಯಮ ಹೀಗೆ ದಿನಾ ಮುರಿಯುತ್ತಿತ್ತು, ಮತ್ತೆ ಐದು ನಿಮಿಷ ಕಾಯುವುದು.

ಈ ರಿಜಿಸ್ಟರಿನಲ್ಲಿ ನನ್ನ ತಲೆ ಕೆಡಿಸಿದವರು ಒಬ್ಬ ನೇಕಾರರು. ಕುಣಿಮಗ್ಗದಲ್ಲಿ ಸೀರೆ ನೇಯುತ್ತಾರೆ. ಗುಳಗಿ ಒಂದು ದಿನವೂ ತಪ್ಪಿಲ್ಲ. ಮನೆಗೆ ಹೋಗಿ ಸ್ಟ್ರಿಪ್ ಎಣಿಸಿದೆ, ಲೆಕ್ಕ ಸರಿ ಇತ್ತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲಾ ಕಡಿಮೆ ಮಾಡಿದ್ದರು. ಆದರೂ ಬಿ.ಪಿ. ಪ್ರತಿ ಸಲ 160ರ ಮೇಲೆ. ಡಾಕ್ಟರು ಒಮ್ಮೆ ಡೋಸ್ ಏರಿಸಿದ್ದೂ ಆಗಿತ್ತು.

ಮೂರನೇ ತಿಂಗಳು. ಬೆಂಚಿನ ಮೇಲೆ ಕೂತಿದ್ದರು. ಏಳುವಾಗ ಮೊಣಕಾಲು ಹಿಡಿದುಕೊಂಡು, "ಹಂಗ ಆ ಕೆಂಪು ಗುಳಗಿ ಒಂದ ಸ್ಟ್ರಿಪ್ ಕೊಟ್ಟಬಿಡ್ರಿ" ಅಂದರು. ಡೈಕ್ಲೋಫೆನಾಕ್. ನೋವಿನ ಗುಳಗಿ. ನನ್ನ ಕೈ ತಾನಾಗಿ ಆ ಡ್ರಾಯರ್‌ಗೆ ಹೋಯಿತು, ಅಲ್ಲೇ ನಿಂತಿತು.

ಈ ಜಾತಿಯ ನೋವಿನ ಗುಳಗಿ ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಬಿ.ಪಿ. ಏರಿಸುತ್ತವೆ. ಎಷ್ಟೋ ಬಿ.ಪಿ. ಗುಳಗಿಗಳ ಕೆಲಸವನ್ನೂ ಕುಂದಿಸುತ್ತವೆ. ಅಷ್ಟೇ ಅಲ್ಲ, ಕೆಲವು ಬಿ.ಪಿ. ಗುಳಗಿಗಳ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು. ಅವರು ವಾರದಲ್ಲಿ ನಾಲ್ಕೈದು ದಿನ ನುಂಗುತ್ತಿದ್ದರು. ಡಾಕ್ಟರಿಗೆ ಹೇಳಿರಲಿಲ್ಲ. "ಅದೇನ ಬ್ಯಾನಿ ಗುಳಗಿ ಅಲ್ಲಲ್ರಿ, ನೋವಿಂದು." ಮಾರಿದ್ದು ಯಾರು? ನಾನೇ. ಚೀಟಿ ಇಲ್ಲದೆ ಕೊಡಬಾರದ ಔಷಧ ಅದು. ಪರಿಚಯದವರು ಅಂತ ಸುಮ್ನೆ ಕೊಡುತ್ತಾ ಬಂದಿದ್ದೆ. ಬಿ.ಪಿ. ಗುಳಗಿಗೆ ರಿಜಿಸ್ಟರ್ ಇಟ್ಟು ಗೀಟು ಎಳೆಯುತ್ತಿದ್ದೆ, ಪಕ್ಕದ ಡ್ರಾಯರ್‌ನಿಂದ ಅದನ್ನೇ ಕೆಡಿಸುತ್ತಿದ್ದೆ.

ಆ ರಾತ್ರಿ 40 ಹೆಸರಿನ ಮುಂದೆಯೂ ಹೊಸ ಕಾಲಂ ಎಳೆದೆ: 'ಬೇರೆ ಏನೇನು ನುಂಗುತ್ತಾರೆ'. ನೋವಿನ ಗುಳಗಿ, ನೆಗಡಿ ಗುಳಗಿ, ಸಂತೆಯಲ್ಲಿ ಕೊಂಡ ಪುಡಿ, ಪಕ್ಕದ ಮನೆಯವರು ಕೊಟ್ಟದ್ದು. ಆ ಕಾಲಂ ತುಂಬಿದಷ್ಟು ಬೇರೆ ಯಾವುದೂ ತುಂಬಲಿಲ್ಲ. ನೇಕಾರರ ಡಾಕ್ಟರಿಗೂ ಚೀಟಿ ಹೋಯಿತು. ನೋವಿಗೆ ಪ್ಯಾರಾಸಿಟಮಾಲ್, ಮೊಣಕಾಲಿಗೆ ವ್ಯಾಯಾಮ ಬರೆದುಕೊಟ್ಟರು. ಮುಂದಿನ ತಿಂಗಳು ಬಿ.ಪಿ. ಇಳಿದಿತ್ತು.

ಖುಷಿಯಲ್ಲಿ ಸಹಪಾಠಿಗೆ ಫೋನ್ ಮಾಡಿದೆ. ಆಕೆ ತಣ್ಣೀರು ಸುರಿದಳು. "ನೀನು ಬಿ.ಪಿ. ಜಾಸ್ತಿ ಇದ್ದವರನ್ನೇ ಆರಿಸಿ ಬರ್ಕೊಂಡಿ. ಜಾಸ್ತಿ ಇದ್ದದ್ದು ಮುಂದಿನ ಸಲ ತಾನೇ ಒಂಚೂರು ಇಳಿಯುತ್ತೆ. ಮೇಲಾಗಿ ನೀನು ನೋಡ್ತೀ ಅಂತ ಗೊತ್ತಿದ್ದರೆ ಜನ ಸರಿಯಾಗಿ ತಗೋತಾರೆ. ಹೋಲಿಸಲು ಇನ್ನೊಂದು ಗುಂಪು ಎಲ್ಲಿದೆ?" ಇರಲಿಲ್ಲ. ಪ್ರಕಟಿಸುವುದಾದರೆ ಜನರ ಮೇಲಿನ ಸಂಶೋಧನೆ ಸರಿಯೇ ಅಂತ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲೇ ಬೇಕಿತ್ತು, ಅದೂ ಇರಲಿಲ್ಲ. ಹಾಗಾಗಿ ಇದನ್ನು ಸಂಶೋಧನೆ ಅಂತ ಕರೆಯುವುದಿಲ್ಲ, ಶೇಕಡಾವಾರು ಲೆಕ್ಕವನ್ನೂ ಹಾಕಿಲ್ಲ. ಮುಂದಿನ ಸಲ ಆಕೆಯ ವಿದ್ಯಾರ್ಥಿಗಳ ಜೊತೆ, ಒಪ್ಪಿಗೆ ಪಡೆದು, ಎರಡು ಗುಂಪು ಮಾಡಿ ಶುರುಮಾಡುವ ಮಾತಾಗಿದೆ.

ರಿಜಿಸ್ಟರ್ ಮಾತ್ರ ನಿಂತಿಲ್ಲ. ಹಬ್ಬದ ಮುಂದೆ ಮಗ್ಗದ ಕೆಲಸ ಜೋರಾದಾಗ ನೇಕಾರರ ಬಿ.ಪಿ. ಮತ್ತೆ ಏರಿತು. ನಾನು ಏನೂ ಕೇಳಲಿಲ್ಲ. ಅವರೇ ಅಂಗಿ ಕಿಸೆಯಿಂದ ಕತ್ತರಿಸಿದ ಸ್ಟ್ರಿಪ್ ತೆಗೆದು ಬೆಂಚಿನ ಮೇಲಿಟ್ಟರು. ನನ್ನ ಅಂಗಡಿಯದಲ್ಲ.

"ಬರ್ಕೋರಿ," ಅಂದರು. "ನಿನ್ನೆ ಎರಡು ನುಂಗೇನಿ."