ಕೊಪ್ಪಳ ಜಾತ್ರಿಗೆ ಬರೋರು ಇನ್ನೊಂದಿನ ಉಳ್ಕೊಳ್ರಿ, ಕಿನ್ನಾಳ ನೋಡ್ರಿ

ಕೊಪ್ಪಳದ ಗವಿಮಠದ ಜಾತ್ರಿಗೆ ಬರ್ಬೇಕು ಅನ್ನೋರು ಮೊದ್ಲು ಪಂಚಾಂಗ ನೋಡ್ರಿ, ತೇರು ಎಳಿಯೋದು ಪುಷ್ಯ ಬಹುಳ ಬಿದಿಗಿ ದಿನ, ಅದಕ್ಕ ಇಂಗ್ಲಿಷ್ ತಾರೀಖು ವರ್ಷಾ ಬದಲಾಗ್ತೈತಿ, 2024ರಾಗ ಜನವರಿ 27ಕ್ಕ ಬಂದಿತ್ತು, 2025ರಾಗ 15ಕ್ಕ. ತೇರು ಎಳಿಯೋದು ಸಂಜಿಗೆ. ಆದ್ರ ಮಧ್ಯಾಹ್ನದೊಳಗ ಊರಾಗ ಇರ್ರಿ, ಗಾಡಿ ದೂರ ನಿಲ್ಲಿಸಿ ನಡ್ಕೊಂಡು ಬರ್ರಿ, ಆಮ್ಯಾಲ ಕಾಲಿಡಾಕೂ ಜಾಗ ಸಿಗಂಗಿಲ್ಲ. ಕೈಯಾಗ ಉತ್ತತ್ತಿ, ಬಾಳಿಹಣ್ಣು ಇರ್ಲಿ, ತೇರಿಗೆ ಎಸಿಯಾಕ.

ದಾಸೋಹಕ್ಕ ಹೋಗದ ವಾಪಸ್ ಹೋಗಬ್ಯಾಡ್ರಿ. ಸುತ್ತಲ ಹಳ್ಳಿ ಹೆಣ್ಮಕ್ಳು ಮನ್ಯಾಗ ಜ್ವಾಳದ ರೊಟ್ಟಿ ಬಡ್ದು ಒಣಗಿಸಿ ಟ್ರ್ಯಾಕ್ಟರ್‌ನ್ಯಾಗ ತುಂಬಿ ಕಳಸ್ತಾರ, ಆ ಕಟಿರೊಟ್ಟಿ ಮುರ್ಕೊಂಡು ಸಾಲಾಗಿ ಕುಂತು ಉಣ್ಣೋದs ನನಗ ಇಡೀ ಜಾತ್ರಿ.

ಮರುದಿನ ಬೆಳಿಗ್ಗೆ ಕಟ್ಟಿಗಿ ಗೊಂಬಿಗೆ ಹೆಸರಾದ ಕಿನ್ನಾಳಕ್ಕ ಹೋಗ್ರಿ, ಕೊಪ್ಪಳದಿಂದ ಹದಿಮೂರು ಕಿಲೋಮೀಟರ್ ಆಸುಪಾಸು. ಜಾತ್ರಿ ನೋಡಿ ಇದನ್ನ ಬಿಟ್ಟು ಹೋಗೋರು ಭಾಳ ಮಂದಿ, ನನಗ ಅದs ಬ್ಯಾಸರ. ಇಲ್ಲಿ ಗೊಂಬಿ ಮಾಡೋ ಚಿತ್ರಗಾರರ ಮನಿ ಮುಂದ ನಿಂತು ಕೇಳ್ರಿ, ಕೆಲಸ ನಡ್ದಿದ್ರ ತೋರಸ್ತಾರ. ಹಗುರ ಇರೋ ಪೊಳಕಿ ಕಟ್ಟಿಗಿ ಕೆತ್ತಿ ಜೋಡಸ್ತಾರ, ಸೆಣಬು ನೆನಸಿ ಪುಡಿ ಮಾಡಿ ಅದಕ್ಕ ಕಟ್ಟಿಗಿ ಹೊಟ್ಟು, ಹುಣಸಿಬೀಜದ ಅಂಟು ಕಲಿಸಿದ್ರ ಕಿಟ್ಟ ಆಗ್ತೈತಿ, ಸಂದಿ ಮುಚ್ಚೋದು ಅದರಾಗ. ಮ್ಯಾಲ ಬಣ್ಣ. ಲಾಜವರ ಅಂತ ಒಂದು ಕೆಲಸ ಐತಿ, ತವರ ಅನ್ನೋ ಲೋಹಾನ ಅರೆದು ಹಚ್ಚಿ ಉಜ್ಜತಾರ, ಉಜ್ಜಿದಂಗ ಉಜ್ಜಿದಂಗ ಗೌರಮ್ಮನ ಕೊರಳಾಗ ಬಂಗಾರದ ಸರ ಹಾಕಿದಂಗ ಹೊಳೀತೈತಿ, ಅದನ್ನ ಕಣ್ಣಾರೆ ನೋಡ್ಬೇಕ್ರಿ. ಈ ಗೊಂಬಿಗೆ ಜಿಐ ಟ್ಯಾಗ್, ಅಂದ್ರ ಇದು ಈ ಊರಿಂದs ಅನ್ನೋ ಸರ್ಕಾರದ ಗುರುತು, ಐತಿ. ದಯವಿಟ್ಟು ರೇಟಿಗೆ ಜಗ್ಗಾಡಬ್ಯಾಡ್ರಿ, ಒಂದು ಗೊಂಬಿ ಹಿಂದ ಎಷ್ಟು ದಿನದ ಕೈ ಐತಿ ಅನ್ನೋದು ಆಗಷ್ಟs ನೋಡಿರ್ತೀರಿ. ಒಯ್ಯೋವಾಗ ಹಳೇ ಸೀರಿಯಾಗ ಸುತ್ಕೊಳ್ರಿ, ಮೂಗು ಬೆರಳು ಮುರಿಯೋದು ಬಸ್ಸಿನ್ಯಾಗs.

ಟೈಮ್ ಉಳಿದ್ರ ಕುಕನೂರಿನ ನವಲಿಂಗ ಗುಡಿ ನೋಡ್ಕೊಂಡು ಇಟಗಿಗೆ ಹೋಗ್ರಿ. ಅಲ್ಲಿ ಮಹಾದೇವ ದಂಡನಾಯಕ 1112ರಾಗ ಕಟ್ಟಿಸಿದ ಗುಡಿ ಐತಿ, ಶಾಸನದಾಗ ಅದಕ್ಕ ದೇವಾಲಯ ಚಕ್ರವರ್ತಿ ಅಂದಾರ. ಬಿಸಿಲು ಇಳಿದ ಮ್ಯಾಲ ಹೋದ್ರ ಕಂಬದ ಕೆತ್ತನಿ ಚಂದ ಕಾಣ್ತೈತಿ.

ಇನ್ನೊಂದು, ಯಾವ ಊರಾಗರ ತೊಗಲುಗೊಂಬಿ ಆಟ ಐತಿ ಅಂತ ಕಿವಿಗೆ ಬಿದ್ರ ರೂಮಿಗೆ ಹೋಗಿ ಮಲಗಬ್ಯಾಡ್ರಿ. ಇದs ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಾಗ ಪದ್ಮಶ್ರೀ ಬಂದಿದ್ದು ಈ ಆಟಕ್ಕs. ಪರದೆ ಹಿಂದ ದೀಪ ಹಚ್ಚಿದ ಮ್ಯಾಲ ಮುಂದಿನ ಸಾಲಿನ್ಯಾಗ ಹುಡುಗ್ರ ಜೋಡಿ ನೆಲಕ್ಕ ಕುಂದರ್ರಿ, ಗೊಂಬಿ ತೊಗಲಿನ ಕೆಂಪು ಬಣ್ಣ ಅಲ್ಲಿಂದ ಸರಿಯಾಗಿ ಕಾಣ್ತೈತಿ.