ಮಾಡ್ಯುಲರ್ ಕಿಚನ್ ರಿಯಾಯಿತಿ: ಅಸಲಿಯೋ, ಲೆಕ್ಕದಾಟವೋ?

ಅಳತೆ ಕೊಟ್ಟು ಮಾಡಿಸುವ ಅಡುಗೆಮನೆಗೆ ಪೊಟ್ಟಣದ ಮೇಲಿನಂತೆ ಎಂಆರ್‌ಪಿ ಇರುವುದಿಲ್ಲ. ‘ಶೇ 40 ಕಡಿತ’ ಎಂದಾಗ ಕಡಿತಕ್ಕೆ ಮುಂಚಿನ ಬೆಲೆಯನ್ನು ಅಂಗಡಿಯವರೇ ಬರೆದುಕೊಂಡಿರುತ್ತಾರೆ. ಆದ್ದರಿಂದ ಶೇಕಡಾ ಲೆಕ್ಕ ಬಿಟ್ಟು ಕೊನೆಯ ಮೊತ್ತ ನೋಡಿ.

ಒಂದೇ ನಕ್ಷೆಯನ್ನು ಮೂರು ಕಡೆ ಕೊಟ್ಟು, ಬಾಬ್ತುವಾರು ಕೊಟೇಶನ್ ಕೇಳಿ. ₹4,00,000ಕ್ಕೆ ಶೇ 40 ಕಳೆದರೆ ₹2,40,000. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ ₹2,83,200. ಸಾಗಣೆ, ಜೋಡಣೆ, ಗ್ರಾನೈಟ್ ಕಟ್ಟೆ, ಸಿಂಕ್ ಬೇರೆ. ಪಕ್ಕದ ಅಂಗಡಿ ರಿಯಾಯಿತಿಯ ಮಾತೇ ಎತ್ತದೆ ಇದೆಲ್ಲ ಸೇರಿಸಿ ₹2,80,000 ಹೇಳಿದರೆ ಅದೇ ಅಗ್ಗ.

ಮೋಸ ಹೆಚ್ಚಾಗಿ ಅಡಗುವುದು ಸಾಮಗ್ರಿಯಲ್ಲಿ. ‘ವಾಟರ್‌ಪ್ರೂಫ್ ಪ್ಲೈ’ ಎಂದಷ್ಟೇ ಬರೆದರೆ ಸಾಲದು. ಐಎಸ್ 710 (ನೀರು ತಡೆಯುವ ಮರೈನ್ ಪ್ಲೈಗೆ ಇರುವ ಭಾರತೀಯ ಮಾನದಂಡ), ದಪ್ಪ, ಕಂಪನಿ ನಮೂದಾಗಲಿ. ಕಡಿತದ ನೆಪದಲ್ಲಿ ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ) ಬಂದರೆ ಸಿಂಕ್ ಕೆಳಗಿನ ಪೆಟ್ಟಿಗೆ ನೀರು ಕುಡಿದು ಉಬ್ಬುತ್ತದೆ, ಹಿಂಜ್‌ನ ಸ್ಕ್ರೂ ಕಿತ್ತು ಬರುತ್ತದೆ. ಹಿಂಜ್, ಡ್ರಾಯರ್ ಚಾನೆಲ್‌ಗಳ ಮಾಡೆಲ್ ಮತ್ತು ಸಂಖ್ಯೆಯನ್ನೂ ಬರೆಸಿ.

ಚದರಡಿ ದರವಾದರೆ, ಅಳೆಯುವುದು ಮುಂಭಾಗವನ್ನೋ ಒಳಗಿನ ಹಲಗೆಗಳನ್ನೋ ಕೇಳಿ. ಎರಡನೆಯದರಲ್ಲಿ ದರ ಕಡಿಮೆ ಕಂಡರೂ ಚದರಡಿ ಹಲವು ಪಟ್ಟು ಏರುತ್ತದೆ.

‘ಇವತ್ತೇ ಕೊನೆ’ ಎಂದರೆ ಮುಂಗಡ ಕೊಡದೆ ಎದ್ದು ಬನ್ನಿ. ವಾರ ಬಿಟ್ಟು ವಿಚಾರಿಸಿ. ಬಹುತೇಕ ಅದೇ ದರ ಸಿಗುತ್ತದೆ. ಒಪ್ಪಂದದ ವಸ್ತು ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಸಹಿಯಾದ ಕೊಟೇಶನ್ ಕೈಯಲ್ಲಿರಲಿ.